ಮುದಿ ಗೇರು ಮರಕ್ಕೆ ಕಸಿ: ಒಂದು ಕೊಂಬೆ ಉಳಿಸಿ ಗೆದ್ದ ಕಥೆ

ಉಡುಪಿ ಕಡೆಯ ಹಿರಿಯಡ್ಕದ ಹತ್ತಿರ ನಮ್ಮದೊಂದು ಗುಡ್ಡೆ ಇದೆ. ಅಪ್ಪ ಹಾಕಿದ ಗೇರು ಮರಗಳು, ಸುಮಾರು 150. ಎಲ್ಲವೂ ಬೀಜದಿಂದ ಎದ್ದವು, 30 ವರ್ಷ ದಾಟಿದವು. ಒಂದು ಮರದ ಬೀಜ ಇನ್ನೊಂದರ ಹಾಗಿಲ್ಲ. ಬೀಜ ಎಷ್ಟು ಸಣ್ಣದೆಂದರೆ ಕೆಜಿಗೆ 250ಕ್ಕೂ ಮೇಲೆ ಹಿಡಿಯುತ್ತಿತ್ತು, ಮರಕ್ಕೆ 2 ಕೆಜಿ ಸಿಕ್ಕಿದರೆ ಪುಣ್ಯ. ಈಗ ಅದೇ ಬುಡಗಳ ಮೇಲೆ ಭಾಸ್ಕರ ಮತ್ತು ವೆಂಗುರ್ಲಾ-4 ತಳಿಯ ಕಸಿಗಳು ನಿಂತಿವೆ. ಕೆಜಿಗೆ ಹೆಚ್ಚೆಂದರೆ 140 ಬೀಜ. ಕಳೆದ ಸೀಸನ್‌ನಲ್ಲಿ ಒಳ್ಳೆ ಮರಗಳು 7-8 ಕೆಜಿ ಕೊಟ್ಟವು.

"ಕಡಿದು ರಬ್ಬರ್ ಹಾಕಿ ಮಾರಾಯ್ರೆ, ಈ ಮುದಿ ಮರಕ್ಕೆ ಯಾರಾದ್ರೂ ಕಸಿ ಕಟ್ತಾರಾ?" ಅಂದವರೇ ಜಾಸ್ತಿ. ಅವರು ಸುಮ್ನೆ ಹೇಳಿದ್ದಲ್ಲ. ನಮ್ಮ ಕಡೆ ಒಂದು ಕಾಲದಲ್ಲಿ ತುಂಬಾ ಜನ ಹಳೇ ಮರದ ತಲೆ ಕಡಿದು, ಬಂದ ಚಿಗುರಿಗೆ ಒಳ್ಳೆ ತಳಿಯ ಕಡ್ಡಿ ಸೇರಿಸಿ ಕಸಿ ಕಟ್ಟಿದ್ದರು. ಎರಡು ವರ್ಷ ಚೆನ್ನಾಗಿ ಕಾಣುತ್ತಿತ್ತು, ಆಮೇಲೆ ಕಾಂಡ ಕೊರೆಯುವ ಹುಳ ಹೊಕ್ಕು ಮರವೇ ಹೋಗುತ್ತಿತ್ತು. ಹಾಗಾಗಿ ಆ ಪದ್ಧತಿಯ ಹೆಸರೇ ಕೆಟ್ಟಿತ್ತು. 20 ವರ್ಷ ದಾಟಿದ ಮರವನ್ನಂತೂ ಮುಟ್ಟಲೇಬೇಡಿ ಅಂತಿದ್ದರು.

ಆದರೂ ನಾನು ಹಟ ಹಿಡಿದದ್ದು ಬೇರಿನ ಆಸೆಗೆ. ನಮ್ಮದು ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ ಗುಡ್ಡೆ. ಹೊಸ ಗಿಡ ಹಾಕಬೇಕಾದರೆ ಒಂದೊಂದು ಹೊಂಡಕ್ಕೂ ಕಲ್ಲು ಒಡೆಯಬೇಕು. ಮೇಲಿಂದ ಎರಡು-ಮೂರು ಬೇಸಿಗೆ ನೀರು ಹೊರಬೇಕು. ಕಾಡುಹಂದಿ, ದನ, ಬೆಂಕಿ ಎಲ್ಲದರಿಂದ ಕಾಯಬೇಕು. ನನ್ನ ಅಂದಾಜಿಗೆ ಗಿಡವೊಂದಕ್ಕೆ ಮೂರನೇ ವರ್ಷಕ್ಕೆ 900 ರೂಪಾಯಿ ಮುಗಿಯುತ್ತದೆ, ಫಸಲು ಇನ್ನೂ ಬಂದಿರುವುದಿಲ್ಲ. ಹಳೇ ಮರದ ಬೇರು ಕಲ್ಲಿನ ಸಂದಿ ಹುಡುಕಿ ಆಗಲೇ ಕೆಳಗೆ ಇಳಿದಾಗಿದೆ. ಏಪ್ರಿಲ್ ಬಿಸಿಲಿಗೂ ಅದಕ್ಕೆ ನೀರು ಬೇಡ. ಅಂಥ ಬೇರನ್ನು ಕಿತ್ತು ಬಿಸಾಡುವುದು ನನಗೆ ಒಪ್ಪಲಿಲ್ಲ.

ಮೊದಲ ವರ್ಷ 30 ಮರ ಕಡಿಸಿದೆ. ಎಲ್ಲರೂ ಮಾಡುವ ಹಾಗೆಯೇ, ನೆಲದಿಂದ ಮೂರಡಿ ಎತ್ತರಕ್ಕೆ, ಡಿಸೆಂಬರ್‌ನಲ್ಲಿ, ಕಡಿದ ಬಾಯಿಗೆ ಬೋರ್ಡೋ ಪೇಸ್ಟ್ (ಮೈಲುತುತ್ತು, ಸುಣ್ಣ ಕಲಸಿದ್ದು) ಬಳಿದು. ಚಿಗುರು ರಾಶಿ ಬಂತು. ಕಸಿ ಕಟ್ಟಲು ಒಂದು ನರ್ಸರಿಯ ಜನ ಬಂದರು, ಒಂದು ಕಸಿಗೆ ಇಷ್ಟು ಅಂತ ಮಾತಾಡಿ. ಅವರು ತಂದ ಕಸಿ ಕಡ್ಡಿ ಎರಡು ದಿನ ಹಳೆಯದು, ತುದಿ ಮೊಗ್ಗು ಆಗಲೇ ಬಾಡಿತ್ತು. ನೂರಕ್ಕೆ 20 ಹಿಡಿದಿದ್ದರೆ ಹೆಚ್ಚು. ದುಡ್ಡು ಮಾತ್ರ ಪೂರ್ತಿ ಹೋಯ್ತು. ಕಸಿ ಹಿಡಿದ ಮರಗಳಲ್ಲಿ ಅರ್ಧದಷ್ಟಕ್ಕೆ ಮಳೆಗಾಲ ಮುಗಿಯುವಷ್ಟರಲ್ಲಿ ಹುಳ ಹೊಕ್ಕಿತು. ಆ ವರ್ಷ 25 ಸಾವಿರದ ಹತ್ತಿರ ಕೈಬಿಟ್ಟಿತು. ಸೌದೆ ಮಾರಿ ಬಂದದ್ದು ಮರ ಕಡಿದವರ ಸಂಬಳಕ್ಕೆ ಸರಿಹೋಯ್ತು ಅಷ್ಟೆ.

ಆಗ ಸತ್ತ ಬುಡಗಳನ್ನು ಸೀಳಿ ನೋಡಿದೆ. ಇದನ್ನು ಎಲ್ಲರೂ ಒಮ್ಮೆ ಮಾಡಬೇಕು. ತೊಗಟೆಯ ಒಳಗೆ ಹುಳ ಸುತ್ತುವರಿದು ತಿಂದಿರುತ್ತದೆ, ಬಳೆ ತೊಡಿಸಿದ ಹಾಗೆ. ಹೊರಗೆ ಬುಡದಲ್ಲಿ ಸ್ವಲ್ಪ ಅಂಟು, ಅದಕ್ಕೆ ಮೆತ್ತಿದ ಕಂದು ಹುಡಿ, ಅಷ್ಟೇ ಗುರುತು. ಎಲೆ ಹಳದಿಯಾಗುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಇನ್ನೊಂದು ಕಂಡದ್ದು: ಪಡುಬಿಸಿಲು ನೇರ ಬಿದ್ದು ತೊಗಟೆ ಸೀಳಿದ ಬುಡಗಳಿಗೇ ಹುಳ ಜಾಸ್ತಿ ಹೊಕ್ಕಿತ್ತು. ಪೂರ್ತಿ ತಲೆ ಕಡಿದರೆ ನೆರಳೂ ಇಲ್ಲ, ಮರಕ್ಕೆ ಉಣಿಸಲು ಎಲೆಯೂ ಇಲ್ಲ. ಸೊರಗಿದ ಮರವೇ ಹುಳಕ್ಕೆ ಬೇಕಾದದ್ದು, ಅಲ್ವಾ?

ಹಾಗಾಗಿ ಮುಂದಿನ ಸಲ ಪಶ್ಚಿಮದ ಕಡೆಯ ಒಂದು ದೊಡ್ಡ ಕೊಂಬೆ ಉಳಿಸಿ ಉಳಿದದ್ದನ್ನೆಲ್ಲ ಕಡಿಸಿದೆ. ಗೊತ್ತಿದ್ದವರು ನಕ್ಕರು. ಕೊಂಬೆ ಇದ್ದರೆ ರಸವೆಲ್ಲ ಅದಕ್ಕೇ ಹೋಗುತ್ತದೆ, ಚಿಗುರು ಬರೋದಿಲ್ಲ ಅಂದರು. ಚಿಗುರು ಕಡಿಮೆ ಬಂದದ್ದು ನಿಜ. ಪೂರ್ತಿ ಕಡಿದದ್ದಕ್ಕೆ 30-40 ಬಂದರೆ ಇದಕ್ಕೆ 15-20. ಆದರೆ ನಮಗೆ ಬೇಕಾದದ್ದು ಎಷ್ಟು? 10-12ಕ್ಕೆ ಕಟ್ಟಿ ಕೊನೆಗೆ ಆರೇಳು ಉಳಿಸಿಕೊಳ್ಳುತ್ತೇವೆ. ಬಂದ ಚಿಗುರು ಗಟ್ಟಿ ಇತ್ತು, ಪೆನ್ಸಿಲ್ ದಪ್ಪಕ್ಕೆ ಬೇಗ ಬಂತು. ಉಳಿಸಿದ ಕೊಂಬೆಯಲ್ಲಿ ಆ ವರ್ಷವೂ ಒಂದೊಂದು ಕೆಜಿ ಬೀಜ ಸಿಕ್ಕಿತು. ಮೂರನೇ ವರ್ಷ ಕಸಿ ಹೂ ಬಿಟ್ಟ ಮೇಲೆ ಆ ಕೊಂಬೆ ತೆಗೆದೆ. ಈ ರೀತಿ ಮಾಡಿದ ಸುಮಾರು 90 ಮರಗಳಲ್ಲಿ ಹುಳಕ್ಕೆ ಹೋದದ್ದು ಹತ್ತರ ಒಳಗೆ.

ಕಸಿ ಕಟ್ಟುವುದು ನಿಮಗೆಲ್ಲ ಗೊತ್ತು, ಅದನ್ನು ಬರೆಯೋದಿಲ್ಲ. ಕಡ್ಡಿಯ ವಿಷಯ ಮಾತ್ರ ಹೇಳುತ್ತೇನೆ. ಕಡ್ಡಿ ಕೊಯ್ಯುವ ವಾರ-ಹತ್ತು ದಿನ ಮೊದಲು ಎಲೆ ಸವರಿ ತೊಟ್ಟು ಮಾತ್ರ ಬಿಡಬೇಕು. ಬೆರಳು ತಾಗಿಸಿದರೆ ತೊಟ್ಟು ತಾನಾಗಿ ಉದುರಬೇಕು, ತುದಿ ಮೊಗ್ಗು ಉಬ್ಬಿರಬೇಕು, ಆದರೆ ಒಡೆದಿರಬಾರದು. ಬೆಳಿಗ್ಗೆ ಕೊಯ್ದು, ಒದ್ದೆ ಬಟ್ಟೆ ಸುತ್ತಿ, ಬಾಳೆ ದಿಂಡಿನ ಪದರದೊಳಗೆ ಇಟ್ಟು ತಂದು, ಅವತ್ತೇ ಕಟ್ಟಿ ಮುಗಿಸಬೇಕು. ಕಟ್ಟಿದ ಕಡ್ಡಿ ಒಣಗದಿರಲಿ ಅಂತ ಮೇಲೆ ಪೆಪ್ಸಿ ಐಸ್‌ಕ್ಯಾಂಡಿ ತುಂಬುವ ಉದ್ದ ಕವರ್ ತೊಡಿಸುತ್ತೇವಲ್ಲ, ಮಾರ್ಚ್ ಬಿಸಿಲಿಗೆ ಅದರೊಳಗೆ ಕಡ್ಡಿ ಬೆಂದು ಹೋಗುತ್ತದೆ. ಅದಕ್ಕೂ ಉಳಿಸಿದ ಕೊಂಬೆಯ ನೆರಳೇ ಕಾಪಾಡಿತು. ನೂರಕ್ಕೆ 65-70 ಹಿಡಿಯಿತು. ಕಟ್ಟಿದ್ದು ನಾನು ಮತ್ತು ನನ್ನ ತಂಗಿ, ಹೊರಗಿನವರು ಯಾರೂ ಇಲ್ಲ.

ನಮ್ಮ ಹಿರಿಯರು ತಳಿ ನೋಡಿ ಗೇರು ಹಾಕಿದವರಲ್ಲ. ಬ್ರೆಜಿಲ್‌ನಿಂದ 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದ ಮರ ಇದು. ಕರಾವಳಿಯ ಬೋಳು ಗುಡ್ಡೆಗಳಲ್ಲಿ ಮಣ್ಣು ಕೊಚ್ಚಿ ಹೋಗದಿರಲಿ ಅಂತ ಬೆಳೆಸಿದ್ದೇ ಹೆಚ್ಚು. ಬೀಜಕ್ಕೆ ಬೆಲೆ ಬಂದದ್ದು ಮಂಗಳೂರಲ್ಲಿ ಕಾರ್ಖಾನೆಗಳು ಎದ್ದ ಮೇಲೆ. ಈಗ ಅದೇ ಕಾರ್ಖಾನೆಗಳಿಗೆ ನಮ್ಮ ಬೀಜ ಸಾಲದೆ ಆಫ್ರಿಕಾದಿಂದ ಹಡಗಲ್ಲಿ ತರಿಸುತ್ತಾರೆ. ಉಳ್ಳಾಲದ ಸಂಶೋಧನಾ ಕೇಂದ್ರ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಎರಡೂ ನಮ್ಮ ಮನೆ ಬಾಗಿಲಲ್ಲೇ ಇವೆ. ಭಾಸ್ಕರ ತಳಿ 2006ರಲ್ಲಿ ಪುತ್ತೂರಿನಿಂದಲೇ ಬಂದದ್ದು. ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟದ ಕಾಟದಿಂದ ಸ್ವಲ್ಪ ತಪ್ಪಿಸಿಕೊಳ್ಳುತ್ತದೆ ಅಂತಲೇ ನಾನು ಅದನ್ನು ಆರಿಸಿದ್ದು. ಇಷ್ಟೆಲ್ಲ ಇದ್ದೂ ಗುಡ್ಡೆಗುಡ್ಡೆಯಲ್ಲಿ ಇನ್ನೂ ಬೀಜದಿಂದ ಎದ್ದ ಕಾಟು ಮರಗಳೇ ನಿಂತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಳೇ ಕಾಲದ ಒಂದು ಉಪಯೋಗವನ್ನು ನಾನೂ ಪರೀಕ್ಷೆ ಮಾಡಿದೆ. ಗೇರು ಸಿಪ್ಪೆಯ ಎಣ್ಣೆಯನ್ನು ಹಿಂದೆ ಮರದ ದೋಣಿಗೆ, ಬಲೆಗೆ, ಮನೆ ಮಾಡಿನ ಮರದ ಪಕಾಸಿಗೆ ಬಳಿಯುತ್ತಿದ್ದರು, ಹುಳ ಗೆದ್ದಲು ಹತ್ತಿರ ಬರೋದಿಲ್ಲ. ಹಾಗಿದ್ದರೆ ಕಡಿದ ಬಾಯಿಗೆ ಅದನ್ನೇ ಬಳಿದರೆ? ನಾಲ್ಕೈದು ಮರಕ್ಕೆ ಬಳಿದೆ. ಕಡಿದ ಮರದ ಮೇಲೆ ಚೆನ್ನಾಗಿ ಕೂತಿತು, ಆದರೆ ಹಸಿ ತೊಗಟೆಗೆ ಇಳಿದಲ್ಲೆಲ್ಲ ಸುಟ್ಟು ಕರಟಿತು, ಅಲ್ಲಿ ಚಿಗುರೇ ಬರಲಿಲ್ಲ. ಬೇಲಿ ಕಂಬಕ್ಕೆ ಮಾತ್ರ ಅದು ಪ್ರಥಮ ದರ್ಜೆ, ನನ್ನ ಕಂಬಗಳು ಇನ್ನೂ ಗಟ್ಟಿ ಇವೆ. ಕೈಗೆ ತಾಗಿದರೆ ಚರ್ಮ ಏಳುತ್ತದೆ, ಕೈಗವಸು ಹಾಕಿಯೇ ಮುಟ್ಟಿ.

ಬುಡಕ್ಕೆ ನಾನು ಬಳಿಯುವುದು ಬೇವಿನೆಣ್ಣೆ. ಅದರ ಜೊತೆ ಇನ್ನೊಂದು ಸೇರಿಸುತ್ತೇನೆ, ಅದನ್ನು ಈಗಲೇ ಹೇಳೋದಿಲ್ಲ, ಇನ್ನೆರಡು ಮಳೆಗಾಲ ನೋಡಬೇಕು. ಅದಕ್ಕಿಂತ ದೊಡ್ಡ ಮದ್ದು ಎಂದರೆ ಕಣ್ಣು. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಪ್ರತಿ ಬುಡ ನೋಡುತ್ತೇನೆ. ಹುಡಿ ಕಂಡರೆ ತೊಗಟೆ ಕೆತ್ತಿ ಸೈಕಲ್ ಕಡ್ಡಿ ಹಾಕಿ ಹುಳ ಎಳೆಯುತ್ತೇನೆ. ಸತ್ತ ಬುಡವನ್ನು ಗುಡ್ಡೆಯಲ್ಲಿ ಬಿಡಲೇಬಾರದು, ಅದರೊಳಗಿನ ಹುಳ ಪಕ್ಕದ ಮರಕ್ಕೇ ಬರುವುದು.

ಒಂದೇ ಮರಕ್ಕೆ ಉಳ್ಳಾಲ-3, ಭಾಸ್ಕರ, ಉಳ್ಳಾಲ-1 ಮೂರನ್ನೂ ಕಟ್ಟಿ ನೋಡಿದ್ದೂ ಇದೆ. ಕೊಯ್ಲು ಉದ್ದಕ್ಕೆ ಬರಲಿ ಅಂತ. ಬಂತು ಕೂಡ. ಆದರೆ ಹೆಕ್ಕುವ ಆಳಿನ ಸಂಬಳವೂ ಅಷ್ಟೇ ಉದ್ದವಾಯ್ತು. ಮನೆ ಹತ್ತಿರದ ಎರಡು ಮರಕ್ಕೆ ಸರಿ, ಗುಡ್ಡೆಗೆ ಬೇಡ.

ಲೆಕ್ಕ ಹೇಳಬೇಕೆಂದರೆ, ಮರವೊಂದಕ್ಕೆ ಕಡಿಯುವುದು, ಕಟ್ಟುವುದು, ಹಳೇ ಬುಡದಿಂದ ಏಳುವ ಕಾಟು ಚಿಗುರು ತೆಗೆಯುವುದು ಎಲ್ಲ ಸೇರಿ 600-700 ರೂಪಾಯಿ ಬಿದ್ದಿದೆ. ಕಾಟು ಚಿಗುರನ್ನು ಮೊದಲ ವರ್ಷ ಪದೇ ಪದೇ ಮುರಿಯುತ್ತಲೇ ಇರಬೇಕು, ಇಲ್ಲದಿದ್ದರೆ ಅದೇ ಮೇಲೆದ್ದು ಕಸಿಯನ್ನು ಮುಚ್ಚಿಬಿಡುತ್ತದೆ. ಬೀಜಕ್ಕೆ ಕೆಜಿಗೆ 110ರ ಆಸುಪಾಸು ಸಿಕ್ಕಿದ ವರ್ಷ ಒಳ್ಳೆ ಮರಗಳು ಒಂದೇ ಫಸಲಲ್ಲಿ ಖರ್ಚು ತೀರಿಸಿವೆ. ರಬ್ಬರ್ ಹಾಕಿ ಅಂದವರಲ್ಲಿ ಇಬ್ಬರು ಈ ವರ್ಷ ಕಡ್ಡಿ ಕೇಳಿಕೊಂಡು ಬಂದಿದ್ದರು. ಸಂತೋಷದಿಂದ ಕೊಟ್ಟೆ. ನಿಮಗೂ ಬೇಕಿದ್ದರೆ ಕೊಡುತ್ತೇನೆ, ಎಲೆ ಸವರಿಡಬೇಕಲ್ಲ, ಹತ್ತು ದಿನ ಮೊದಲು ಹೇಳಿ.