ಪೊಟ್ಟಣದ ಮೇಲಿನ ‘300’: ಸಿ ಜೀವಸತ್ವದ ಕೆಲಸವನ್ನು ಗುರುತಿಸುವುದು ಹೇಗೆ?

ಪೊಟ್ಟಣದ ಆಹಾರದಲ್ಲಿ ಸಿ ಜೀವಸತ್ವ ಇದೆಯೆಂದ ಮಾತ್ರಕ್ಕೆ ಅದನ್ನು ನಮ್ಮ ಪೋಷಣೆಗೆಂದೇ ಸೇರಿಸಿದ್ದಾರೆ ಎಂದು ತಿಳಿಯಬೇಕಾಗಿಲ್ಲ. ಎಷ್ಟೋ ಸಲ ಅದು ಗಾಳಿಯ ಆಮ್ಲಜನಕದಿಂದ ಕೆಡದಂತೆ ಆ ಆಹಾರವನ್ನೇ ಕಾಯುವ ಉತ್ಕರ್ಷಣ ನಿರೋಧಕವಾಗಿರುತ್ತದೆ.

ಮೊದಲು ಪದಾರ್ಥಗಳ ಪಟ್ಟಿಯನ್ನು ಓದಿ. ಆಹಾರಕ್ಕೆ ಬೆರೆಸಿದ ಸಂಯೋಜಕಗಳನ್ನು ಅಲ್ಲಿ ಸಂಖ್ಯೆಗಳಿಂದ ಸೂಚಿಸಿರುತ್ತಾರೆ. ಆಸ್ಕಾರ್ಬಿಕ್ ಆಮ್ಲದ, ಅಂದರೆ ಸಿ ಜೀವಸತ್ವದ ಸಂಖ್ಯೆ 300. ಸೋಡಿಯಂ ಆಸ್ಕಾರ್ಬೇಟ್ 301, ಕ್ಯಾಲ್ಸಿಯಂ ಆಸ್ಕಾರ್ಬೇಟ್ 302. ಇವು ನೀರಿನಲ್ಲಿ ಕರಗುತ್ತವೆ. ಎಣ್ಣೆ, ಕೊಬ್ಬಿನ ಪದಾರ್ಥಗಳಿಗೆ ಕೊಬ್ಬಿನಲ್ಲಿ ಬೆರೆಯಬಲ್ಲ ಆಸ್ಕಾರ್ಬಿಲ್ ಪಾಲ್ಮಿಟೇಟ್, ಅಂದರೆ 304 ಬೇಕಾಗುತ್ತದೆ. 315 ಕಂಡರೆ ಎಚ್ಚರವಿರಲಿ: ಎರಿಥಾರ್ಬಿಕ್ ಆಮ್ಲವು ರಚನೆಯಲ್ಲಿ ಆಸ್ಕಾರ್ಬಿಕ್ ಆಮ್ಲವನ್ನೇ ಹೋಲುತ್ತದೆ, ಆಹಾರವನ್ನೂ ಕಾಯುತ್ತದೆ, ಆದರೆ ಜೀವಸತ್ವವಾಗಿ ಅದರಿಂದ ನಮಗೆ ದೊರೆಯುವುದು ಅತ್ಯಲ್ಪ.

ಎರಡನೆಯದಾಗಿ, ಅದು ಯಾವ ಆಹಾರದಲ್ಲಿದೆ ಎಂಬುದನ್ನು ನೋಡಿ. ಕತ್ತರಿಸಿದ ಸೇಬಿನಲ್ಲಿ ಕಿಣ್ವವೊಂದು ಗಾಳಿಯ ಆಮ್ಲಜನಕದ ನೆರವಿನಿಂದ ಹಣ್ಣಿನಲ್ಲಿರುವ ಫೀನಾಲುಗಳೆಂಬ ಸಂಯುಕ್ತಗಳನ್ನು ಕ್ವಿನೋನುಗಳೆಂಬ ಬೇರೆ ಸಂಯುಕ್ತಗಳನ್ನಾಗಿ ಮಾರ್ಪಡಿಸುತ್ತದೆ. ಆ ಕ್ವಿನೋನುಗಳು ಒಂದಕ್ಕೊಂದು ಕೂಡಿಕೊಂಡು ಕಂದು ಬಣ್ಣವಾಗುವ ಮೊದಲೇ ಆಸ್ಕಾರ್ಬಿಕ್ ಆಮ್ಲವು ಅವುಗಳನ್ನು ಮರಳಿ ಫೀನಾಲುಗಳಾಗಿಸಿ, ತಾನು ಉತ್ಕರ್ಷಣಗೊಂಡು ಖರ್ಚಾಗುತ್ತದೆ. ಅದು ಪೂರ್ತಿ ಖರ್ಚಾದ ಮೇಲೆ ಹಣ್ಣು ಕಂದಾಗತೊಡಗುತ್ತದೆ. ನೈಟ್ರೈಟ್ ಎಂಬ ಸಂರಕ್ಷಕ ಲವಣವನ್ನು ಹಾಕಿ ಸಂಸ್ಕರಿಸಿದ ಮಾಂಸದಲ್ಲಿ ಇದರ ಪಾತ್ರ ಇನ್ನೂ ಮಹತ್ವದ್ದು, ಏಕೆಂದರೆ ಕೆಂಬಣ್ಣವನ್ನು ನಿಲ್ಲಿಸುವುದರ ಜೊತೆಗೆ ಹಾನಿಕರವಾದ ನೈಟ್ರೋಸಮೈನುಗಳು ಉಂಟಾಗುವುದನ್ನೂ ಅದು ತಗ್ಗಿಸುತ್ತದೆ. ಬ್ರೆಡ್ಡಿನ ಹಿಟ್ಟಿನಲ್ಲಿ ಮಾತ್ರ ಕೆಲಸವೇ ಬೇರೆ; ಅಲ್ಲಿ ಉತ್ಕರ್ಷಣಗೊಂಡ ಅದರ ರೂಪವು ಹಿಟ್ಟಿನ ಪ್ರೋಟೀನಾದ ಗ್ಲುಟೆನ್ನಿನ ಜಾಲವನ್ನು ಬಲಪಡಿಸುತ್ತದೆ, ಬೇಯುವಾಗ ಬಹುಪಾಲು ನಾಶವಾಗುತ್ತದೆ.

ಮೂರನೆಯದಾಗಿ, ಪೋಷಕಾಂಶಗಳ ಪಟ್ಟಿಗೆ ಬನ್ನಿ. ಸಿ ಜೀವಸತ್ವದ ಪ್ರಮಾಣವನ್ನು ಮಿಲಿಗ್ರಾಂಗಳಲ್ಲಿ ಅಲ್ಲಿ ನಮೂದಿಸಿದ್ದರೆ ಮಾತ್ರ ಅದನ್ನು ನಿಮ್ಮ ದಿನದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬರೀ 300 ಎಂಬ ಸಂಖ್ಯೆಯನ್ನು ಕಂಡು ಆ ತಿಂಡಿಯನ್ನು ಪೌಷ್ಟಿಕವೆಂದು ಮಕ್ಕಳಿಗೆ ಕೊಡುವುದು ಸರಿಯಲ್ಲ. ಹಾಗೆಯೇ, ಸಂಖ್ಯೆಯಿದೆಯೆಂದು ಹೆದರಿ ಅದನ್ನು ಬದಿಗಿಡುವುದಕ್ಕೂ ಕಾರಣವಿಲ್ಲ.

ಕೊನೆಯದಾಗಿ, ಪೊಟ್ಟಣವನ್ನು ಇಡುವ ಜಾಗದ ಬಗ್ಗೆ ಗಮನವಿರಲಿ. ಶಾಖ, ಬೆಳಕು, ಗಾಳಿ ಹಾಗೂ ತಾಮ್ರ, ಕಬ್ಬಿಣದ ಅಂಶಗಳು ಈ ಜೀವಸತ್ವವನ್ನು ಬೇಗ ಕೆಡಿಸುತ್ತವೆ. ಪಾನೀಯದಲ್ಲಿ 300ರ ಜೊತೆಗೆ 211 ಸಂಖ್ಯೆಯ ಸಂರಕ್ಷಕವಾದ ಸೋಡಿಯಂ ಬೆಂಜೋಯೇಟ್ ಕೂಡ ಇದ್ದರೆ, ಶಾಖ ಮತ್ತು ಬೆಳಕಿನಲ್ಲಿ ಅವೆರಡೂ ವರ್ತಿಸಿ ಅತಿ ಸಣ್ಣ ಪ್ರಮಾಣದಲ್ಲಿ ಕ್ಯಾನ್ಸರ್‌ಕಾರಕವಾದ ಬೆಂಜೀನ್ ಉಂಟಾಗಬಹುದಾದ್ದರಿಂದ, ಅಂಥ ಬಾಟಲಿಯನ್ನು ಬಿಸಿಲಿಗೆ ಇಡಲೇಬೇಡಿ. ತೆರೆದ ಹಣ್ಣಿನ ರಸವನ್ನು ಬಿಗಿಯಾಗಿ ಮುಚ್ಚಿ ತಂಪಿನಲ್ಲಿರಿಸಿ, ಲೇಬಲ್ಲಿನಲ್ಲಿ ಸೂಚಿಸಿದ ದಿನಗಳೊಳಗೆ ಮುಗಿಸಿ.