ರಸ್ತೆಯ ಗದ್ದಲಕ್ಕೆ ಕಿಟಕಿಯಲ್ಲೇ ತಡೆ: ಯಾವ ಸಾಮಗ್ರಿ ಕೊಳ್ಳಬೇಕು?

ಬೆಂಗಳೂರಲ್ಲಿ ಮುಖ್ಯರಸ್ತೆಗೆ ಮುಖ ಮಾಡಿದ ಮನೆಯಲ್ಲಿ ಇರುವವರಿಗೆ ನೆಮ್ಮದಿಯ ನಿದ್ದೆಯೇ ದೊಡ್ಡ ಚಿಂತೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರ ನಂತರ 45 ಡೆಸಿಬಲ್ ಮಿತಿ. ರಸ್ತೆ ಬದಿಯಲ್ಲಿ ಅದು ಉಳಿಯುವುದೇ ಇಲ್ಲ. ಮನೆಯೊಳಗೇ ಏನಾದರೂ ಮಾಡೋಣ ಅಂತ ಹೊರಟವರು ಮೊದಲು ಕೊಳ್ಳುವುದು ಆನ್‌ಲೈನ್‌ನಲ್ಲಿ ಸಿಗುವ ಕಪ್ಪು ಫೋಮ್ ಹಾಳೆ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಹಾಡು ರೆಕಾರ್ಡ್ ಮಾಡುವವರಿಗೆ ಅದು ಬೇಕು. ಹೊರಗಿನ ಬಸ್ಸಿನ ಸದ್ದು ಅದನ್ನು ದಾಟಿಕೊಂಡು ಬಂದೇ ಬರುತ್ತದೆ. ಮೊಟ್ಟೆ ಟ್ರೇ, ಥರ್ಮೋಕೋಲ್ ಕೂಡ ಅಷ್ಟೇ. ಹೊರಗಿನ ಸದ್ದು ನಿಲ್ಲಬೇಕಾದರೆ ಗಾಳಿ ನುಗ್ಗುವ ಸಂದು ಮುಚ್ಚಬೇಕು, ಆಮೇಲೆ ತೂಕ ಸೇರಿಸಬೇಕು. ಈ ಕ್ರಮ ತಪ್ಪಿದರೆ ಖರ್ಚು ಮಾಡಿದ್ದೆಲ್ಲ ವ್ಯರ್ಥ.

ಮೊದಲು ಸಂದು ಹುಡುಕಿ

ಫ್ಯಾನ್ ಆರಿಸಿ. ಕಿಟಕಿ ಮುಚ್ಚಿ ಚಿಲಕ ಹಾಕಿ. ಒಂದು ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ನಿಧಾನವಾಗಿ ಹಿಡಿದು ಬನ್ನಿ. ನೆಟ್ಟಗೆ ಏಳುತ್ತಿದ್ದ ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿಂದಲೇ ಸದ್ದೂ ಬರುತ್ತದೆ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯಾದರೆ ಎರಡು ಬಾಗಿಲು ಸೇರುವ ನಡುಭಾಗ ಮತ್ತು ಕೆಳಗಿನ ಟ್ರ್ಯಾಕ್‌ನಲ್ಲಿ ಹೊಗೆ ಖಂಡಿತ ಬಾಗುತ್ತದೆ.

ಸಣ್ಣ ಸಂದು ಎಷ್ಟು ಹಾಳು ಮಾಡುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. 4 ಅಡಿಗೆ 4 ಅಡಿ ಕಿಟಕಿಯ ಸುತ್ತ 3 ಮಿ.ಮೀ. ಸಂದು ಇದೆ ಅಂದುಕೊಳ್ಳಿ. ಒಟ್ಟು ಸೇರಿಸಿದರೆ ಅದು ಕಿಟಕಿಯ ವಿಸ್ತೀರ್ಣದ ಶೇ 1ರಷ್ಟು. ಆ ಶೇ 1 ತೆರೆದಿದ್ದರೆ ಎಂಥ ದಪ್ಪ ಗಾಜು ಹಾಕಿದರೂ ಕಿಟಕಿ ಸುಮಾರು 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲಾರದು.

ಸಂದಿಗೆ ಬೇಕಾಗುವುದು ಮೂರೇ ಸಾಮಾನು. ಜಾರುವ ಭಾಗಕ್ಕೆ ಬ್ರಷ್‌ನಂತಿರುವ ವುಲ್ ಪೈಲ್ ಪಟ್ಟಿ. ಹಳೆಯದು ಸವೆದಿದ್ದರೆ ಎಳೆದು ತೆಗೆದು ಅದೇ ಅಳತೆಯದನ್ನು ಸೇರಿಸಬಹುದು. ಬಾಗಿಲು, ಕೀಲಿನ ಕಿಟಕಿಗಳಿಗೆ ಇಪಿಡಿಎಂ ಎಂಬ ಗಟ್ಟಿಮುಟ್ಟಾದ ರಬ್ಬರಿನ ಬೀಡಿಂಗ್, ಅಂದರೆ ಅಂಚಿನ ಪಟ್ಟಿ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡಿ, ತಕ್ಷಣ ಉಬ್ಬಿ ಬರಬೇಕು. ಅಂಟಿಸುವ ಅಗ್ಗದ ಸ್ಪಂಜಿನ ಪಟ್ಟಿ ಬೇಗ ಚಪ್ಪಟೆಯಾಗುತ್ತದೆ, ಬೇಡ. ಚೌಕಟ್ಟು ಮತ್ತು ಗೋಡೆಯ ನಡುವಿನ ಬಿರುಕಿಗೆ ಸಿಲಿಕಾನ್ ಸೀಲಂಟ್. ಆದರೆ ಕೆಳಗಿನ ಟ್ರ್ಯಾಕ್‌ನಲ್ಲಿ ಮಳೆನೀರು ಹರಿದುಹೋಗಲು ಬಿಟ್ಟಿರುವ ತೂತಿಗೆ ಸಿಲಿಕಾನ್ ತುಂಬಬೇಡಿ. ಮೊದಲ ಮಳೆಗೇ ನೀರು ಒಳಗೆ ಬರುತ್ತದೆ.

ಆಮೇಲೆ ತೂಕ

ಅಂಗಡಿಯವರು 'ಸೌಂಡ್‌ಪ್ರೂಫ್' ಎಂದು ಏನೇ ತೋರಿಸಲಿ, ಒಂದೇ ಪ್ರಶ್ನೆ ಕೇಳಿ: ಚದರ ಮೀಟರ್‌ಗೆ ಎಷ್ಟು ಕೆ.ಜಿ.? ತೂಕ ಎರಡು ಪಟ್ಟಾದರೆ ಹೆಚ್ಚುಕಡಿಮೆ 5ರಿಂದ 6 ಡೆಸಿಬಲ್ ಲಾಭ. ಸದ್ದು 10 ಡೆಸಿಬಲ್ ಇಳಿದರೆ ಕಿವಿಗೆ ಸುಮಾರು ಅರ್ಧದಷ್ಟಾದಂತೆ ಕೇಳುತ್ತದೆ. 4 ಮಿ.ಮೀ. ಗಾಜು ಚದರ ಮೀಟರ್‌ಗೆ 10 ಕೆ.ಜಿ., 6 ಮಿ.ಮೀ. ಆದರೆ 15. ಅಕ್ರಿಲಿಕ್ ಹಾಳೆ ಗಾಜಿನ ಅರ್ಧದಷ್ಟೂ ತೂಗುವುದಿಲ್ಲ. 6 ಮಿ.ಮೀ. ಅಕ್ರಿಲಿಕ್‌ಗೆ ಬರುವುದು 7 ಕೆ.ಜಿ. ಮಾತ್ರ. ಬಾಡಿಗೆ ಮನೆಯವರಿಗೆ ಕಳಚಲು ಸುಲಭ ಎಂಬ ಕಾರಣಕ್ಕೆ ಅದು ಸರಿ, ಸ್ವಂತ ಮನೆಗೆ ಗಾಜೇ ಇರಲಿ.

ಲ್ಯಾಮಿನೇಟೆಡ್ ಗಾಜು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಎರಡು ಗಾಜಿನ ನಡುವೆ ಅಂಟಿಸಿದ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಗಾಜಿನ ಕಂಪನವನ್ನು ಹೀರುತ್ತದೆ. ಹಾಗಾಗಿ ಅಷ್ಟೇ ತೂಕದ ಒಂಟಿ ಗಾಜಿಗಿಂತ ಹಾರ್ನ್‌ನ ಚೂಪು ಸದ್ದಿಗೆ ಚೆನ್ನಾಗಿ ತಡೆಯೊಡ್ಡುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಎರಡನೇ ಕಿಟಕಿ. 9 ಇಂಚಿನ ಗೋಡೆ ಇರುವ ಮನೆಯಲ್ಲಿ ಕಿಟಕಿಯ ಒಳಬದಿ ಅಷ್ಟಿಷ್ಟು ಜಾಗ ಉಳಿದಿರುತ್ತದೆ ಅಲ್ವಾ? ಹಳೆಯ ಕಿಟಕಿಯಿಂದ 100 ಮಿ.ಮೀ. ಬಿಟ್ಟು ಅಲ್ಲೊಂದು ಕೀಲಿನ ಕಿಟಕಿ ಕೂರಿಸಿ, ಸುತ್ತ ಬೀಡಿಂಗ್ ಕೊಡಿ. ಎರಡೂ ಗಾಜು ಒಂದೇ ದಪ್ಪ ಇರುವುದು ಬೇಡ. ಹೊರಗೆ 4 ಇದ್ದರೆ ಒಳಗೆ 6. ಒಂದೇ ದಪ್ಪವಾದರೆ ಎರಡೂ ಗಾಜು ಒಂದೇ ಸ್ವರದ ಸದ್ದನ್ನು ಒಳಗೆ ಬಿಟ್ಟುಬಿಡುತ್ತವೆ. 12 ಮಿ.ಮೀ. ಅಂತರದ ಜೋಡಿ ಗಾಜನ್ನು ಮಾರಾಟಗಾರರು ಸದ್ದಿಗೂ ಸೂಚಿಸುತ್ತಾರೆ. ಅದು ಮುಖ್ಯವಾಗಿ ಶಾಖ ತಡೆಯಲು ಮಾಡಿದ್ದು. ಲಾರಿಯ ಗುಡುಗಿನಂಥ ಸದ್ದಿಗೆ ಅಗಲ ಅಂತರವೇ ಬೇಕು.

ಬಾಗಿಲು, ಗೋಡೆ

ಕೋಣೆಯ ಬಾಗಿಲನ್ನು ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಗಟ್ಟಿ ಮರ ತುಂಬಿದ ಫ್ಲಶ್ ಡೋರ್‌ಗೆ ಬದಲಿಸಿ. ಭಾರ ಜಾಸ್ತಿ, ಕೀಲೂ ಗಟ್ಟಿಯದೇ ಬೇಕು.

ಸಿಮೆಂಟ್ ಗಾರೆ ಮಾಡಿದ 9 ಇಂಚಿನ ಇಟ್ಟಿಗೆ ಗೋಡೆ ಸುಮ್ನೆ ನಿಂತೇ ಸುಮಾರು 50 ಡೆಸಿಬಲ್ ತಡೆಯುತ್ತದೆ. ಅದನ್ನು ಮುಟ್ಟಬೇಡಿ. ಪಕ್ಕದ ಫ್ಲ್ಯಾಟ್‌ನ ಮಾತು ತೆಳು ಗೋಡೆಯಿಂದ ಕೇಳಿದರೆ ಮಾತ್ರ ಖರ್ಚು ಮಾಡಿ. ಆ ಗೋಡೆಗೆ ತಾಗದಂತೆ ಜಿಐ ಚಾನೆಲ್ (ಸತು ಲೇಪಿಸಿದ ಉಕ್ಕಿನ ಚೌಕಟ್ಟು) ನಿಲ್ಲಿಸಿ, ನಡುವೆ 50 ಮಿ.ಮೀ. ದಪ್ಪದ, ಘನ ಮೀಟರ್‌ಗೆ 48 ಅಥವಾ 64 ಕೆ.ಜಿ. ಸಾಂದ್ರತೆಯ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ತುಂಬಿ, ಮೇಲೆ 12.5 ಮಿ.ಮೀ. ಜಿಪ್ಸಂ ಬೋರ್ಡ್ ಎರಡು ಪದರ. ಎರಡು ಪದರಗಳಲ್ಲಿ ಬೋರ್ಡ್‌ಗಳು ಸೇರುವ ಗೆರೆಗಳು ಒಂದರ ಮೇಲೊಂದು ಬರಬಾರದು. ರಾಕ್‌ವುಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ಮೈ ತುರಿಸುತ್ತದೆ.

ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದಿಗೆ ಇದಾವುದೂ ಅಷ್ಟಾಗಿ ಕೆಲಸ ಮಾಡದು. ಅದು ಕಟ್ಟಡದ ಕಾಂಕ್ರೀಟಿನಲ್ಲೇ ಇಳಿದು ಬರುತ್ತದೆ. ಅವರ ಕುರ್ಚಿ ಕಾಲಿಗೆ ಫೆಲ್ಟ್ ಪ್ಯಾಡ್ ಅಂಟಿಸಲು ವಿನಂತಿಸುವುದೇ ಅಗ್ಗದ ಪರಿಹಾರ.

ಕೊನೆಗೆ, ಎಲ್ಲ ಕಿಂಡಿಯನ್ನೂ ಮುಚ್ಚುವ ಹುಮ್ಮಸ್ಸಿನಲ್ಲಿ ಗ್ಯಾಸ್ ಗೀಸರ್ ಇರುವ ಬಚ್ಚಲುಮನೆ ಮತ್ತು ಅಡುಗೆಮನೆಯ ವೆಂಟಿಲೇಟರ್‌ಗೆ ಕೈ ಹಾಕಲೇಬೇಡಿ. ಗಾಳಿಯಾಡದ ಬಚ್ಚಲಿನಲ್ಲಿ ಕಾರ್ಬನ್ ಮೋನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಪ್ರಾಣಕ್ಕೇ ಅಪಾಯ. ಮಲಗುವ ಕೋಣೆಗೂ ರಸ್ತೆಯ ಕಡೆಗಿಲ್ಲದ ಒಂದು ಕಿಟಕಿಯನ್ನು ಗಾಳಿಗೆಂದು ಬಿಡಿ.