ಮೇಲ್‌ಗೆ ಬೀಗ ಹಾಕುವುದು, ಸಹಿ ಹಾಕುವುದು ಹೇಗೆ?

ತಿಪಟೂರಿನ ಕೊಬ್ಬರಿ ವರ್ತಕರೊಬ್ಬರ ಲೆಕ್ಕಪತ್ರ ನಮ್ಮ ಆಫೀಸಿನಲ್ಲಿದೆ. ತುಮಕೂರಿನ ಬಿ.ಎಚ್. ರಸ್ತೆಗೆ ತಗುಲಿದ ಓಣಿಯಲ್ಲಿ ಎರಡು ಕೋಣೆ, ಮೂರು ಕಂಪ್ಯೂಟರ್, ಅಷ್ಟೇ ನಮ್ಮ ಆಫೀಸು. ಹೋದ ವರ್ಷ ಅವರ ಹೆಸರಿನಲ್ಲಿ ಒಂದು ಮೇಲ್ ಬಂತು: ‘ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಬಿಲ್‌ಗಳಲ್ಲಿ ಈ ನಂಬರ್ ಹಾಕಿ.’ ಹೆಸರು ಅವರದೇ, ಕೊನೆಯಲ್ಲಿ ಅವರು ತಪ್ಪದೆ ಬರೆಯುವ ‘ವಂದನೆಗಳೊಂದಿಗೆ’ಯೂ ಇತ್ತು. ವಿಳಾಸದಲ್ಲಿ ಮಾತ್ರ ‘ಎಲ್’ ಅಕ್ಷರ ಇರಬೇಕಾದ ಕಡೆ 1 ಕೂತಿತ್ತು. ನಮ್ಮ ಹುಡುಗಿಗೆ ಯಾಕೋ ಅನುಮಾನ ಬಂದು ಫೋನ್ ಮಾಡಿದ್ದರಿಂದ ಬಚಾವಾದೆವು.

ಮೇಲ್‌ನ ತಲೆಯಲ್ಲಿ ಕಾಣುವ ಹೆಸರು ಅಂದರೆ ಕಾಗದದ ಮೇಲೆ ಬರೆಯುವ ‘ಇಂದ’ ಇದ್ದ ಹಾಗೆ. ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಇನ್ನು ಒಳಗಿನ ಮಾತು. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಈಗ ಸಾಮಾನ್ಯವಾಗಿ ಮರೆಮಾಚಿಯೇ ಹೋಗುತ್ತದೆ, ಆದರೆ ಪ್ರತಿ ಸರ್ವರ್‌ನಲ್ಲೂ ಬಿಚ್ಚಿಕೊಂಡೇ ಕೂತಿರುತ್ತದೆ. ನಾವು ದಿನಾ ಕಳಿಸುವ ಪ್ಯಾನ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಹಾಗೇ ಬಿದ್ದಿರುತ್ತವೆ.

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದನ್ನು ನೋಡಿದ್ದೀರಲ್ಲ. ಇಬ್ಬರ ಕೈಯೂ ಒಂದೇ ಟವೆಲ್ ಕೆಳಗಿರುವುದರಿಂದ ಅಲ್ಲಿ ಗುಟ್ಟು ಉಳಿಯುತ್ತದೆ. ತಿಪಟೂರು ಇಲ್ಲಿಂದ 70 ಕಿ.ಮೀ. ದಾಟಿದ ಊರು, ಟವೆಲ್ ಅಲ್ಲಿಗೆ ಮುಟ್ಟುವುದಿಲ್ಲ. ದೂರದಲ್ಲಿರುವ ಇಬ್ಬರು ಮೊದಲೇ ಭೇಟಿಯಾಗದೆ ಗುಟ್ಟು ಹಂಚಿಕೊಳ್ಳುವುದು ಹೇಗೆ ಎಂಬುದಕ್ಕೆ 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬಿಬ್ಬರು ದಾರಿ ತೋರಿಸಿದರು. ಅದೇ ದಾರಿ ಹಿಡಿದು ಫಿಲ್ ಜಿಮ್ಮರ್‌ಮನ್ 1991ರಲ್ಲಿ ಮೇಲ್‌ಗೆ ಬೀಗ, ಸಹಿ ಹಾಕುವ ಪಿಜಿಪಿ ಎಂಬ ತಂತ್ರಾಂಶ ಬರೆದು ಹೊರಬಿಟ್ಟರು. ಇದು ಶಸ್ತ್ರಾಸ್ತ್ರ ರಫ್ತಿಗೆ ಸಮವೇ ಎಂದು ಅಮೆರಿಕ ಸರ್ಕಾರ ಅವರ ಮೇಲೆ ತನಿಖೆ ನಡೆಸಿ, 1996ರಲ್ಲಿ ಕೈಬಿಟ್ಟಿತು. ಈಗ ಅದೇ ವಿಧಾನ ಓಪನ್‌ಪಿಜಿಪಿ ಎಂಬ ಹೆಸರಿನಲ್ಲಿ ಎಲ್ಲರಿಗೂ ಪುಕ್ಕಟೆ.

ಈ ವಿಧಾನದಲ್ಲಿ ಪ್ರತಿಯೊಬ್ಬರಿಗೂ ಕೀ ಎರಡು ಇರುತ್ತವೆ. ಪಬ್ಲಿಕ್ ಕೀ ದೇವಸ್ಥಾನದ ಹುಂಡಿಯ ಸೀಳಿನಂತೆ, ಯಾರು ಬೇಕಾದರೂ ಒಳಗೆ ಹಾಕಬಹುದು. ತೆಗೆಯುವುದಕ್ಕೆ ಮಾತ್ರ ನಿಮ್ಮಲ್ಲಿರುವ ಸೀಕ್ರೆಟ್ ಕೀಯೇ ಬೇಕು. ಸಹಿಯಲ್ಲಿ ಇದು ಉಲ್ಟಾ: ಸೀಕ್ರೆಟ್ ಕೀಯಿಂದ ನೀವು ಸಹಿ ಹಾಕುತ್ತೀರಿ, ನಿಮ್ಮ ಪಬ್ಲಿಕ್ ಕೀ ಇರುವವರೆಲ್ಲ ಪರೀಕ್ಷಿಸಬಹುದು. ಸಹಿಯಾದ ಮೇಲೆ ಒಂದು ಸೊನ್ನೆ ತಿದ್ದಿದರೂ ಗೊತ್ತಾಗುತ್ತದೆ. ಬೀಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಮ್ಮಂಥ ವ್ಯವಹಾರದವರಿಗೆ ಸಹಿಯೇ ಹೆಚ್ಚು ಉಪಯೋಗ ಅಂತ ನನ್ನ ಅನಿಸಿಕೆ.

ಕೀ ಮಾಡಿಕೊಳ್ಳುವುದು

ಕಂಪ್ಯೂಟರ್‌ಗೆ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಹಾಕಿಕೊಳ್ಳಿ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಮೊದಲು ಇದರಲ್ಲಿ ಓಪನ್‌ಪಿಜಿಪಿ ಬಳಸಲು ಎನಿಗ್‌ಮೇಲ್ ಎಂಬ ಆಡ್-ಆನ್ ಬೇಕಿತ್ತು. 2020ರ 78ನೇ ಆವೃತ್ತಿಯಿಂದ ಆ ಸೌಲಭ್ಯ ಒಳಗೇ ಬಂದಿದೆ. ಈಗಿರುವ ಜಿಮೇಲ್ ಖಾತೆಯನ್ನೇ ಸೇರಿಸಿಕೊಳ್ಳಬಹುದು, ಹೊಸ ವಿಳಾಸ ಬೇಡ.

‘ಅಕೌಂಟ್ ಸೆಟ್ಟಿಂಗ್ಸ್’ನಲ್ಲಿ ನಿಮ್ಮ ಖಾತೆಯ ಕೆಳಗೆ ‘ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್’ ಇದೆ. ಅಲ್ಲಿ ‘ಆಡ್ ಕೀ’ ಒತ್ತಿ, ಹೊಸ ಓಪನ್‌ಪಿಜಿಪಿ ಕೀ ಸೃಷ್ಟಿಸುವ ಆಯ್ಕೆ ಹಿಡಿಯಿರಿ. ಅವಧಿ 3 ವರ್ಷ ಎಂದು ತಾನೇ ತೋರಿಸುತ್ತದೆ, ಹಾಗೇ ಬಿಡಿ. ‘ಜನರೇಟ್ ಕೀ’ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕೀ ತಯಾರು. ಪಟ್ಟಿಯಲ್ಲಿ ಹೊಸ ಕೀ ಎದುರಿನ ಗುಂಡಿ ಆಯ್ಕೆಯಾಗಿದೆಯೇ ನೋಡಿಕೊಳ್ಳಿ.

ಇಲ್ಲಿಗೆ ನಿಲ್ಲಿಸಿ ಎರಡು ಕೆಲಸ ಮುಗಿಸಿ. ಒಂದು, ಸೆಟ್ಟಿಂಗ್ಸ್‌ನ ‘ಪ್ರೈವೆಸಿ ಅಂಡ್ ಸೆಕ್ಯೂರಿಟಿ’ಯಲ್ಲಿ ‘ಪ್ರೈಮರಿ ಪಾಸ್‌ವರ್ಡ್’ ಇಡಿ. ಇಲ್ಲದಿದ್ದರೆ ನಿಮ್ಮ ಕುರ್ಚಿಯಲ್ಲಿ ಕೂತವರೆಲ್ಲ ನಿಮ್ಮ ಸಹಿ ಹಾಕಬಲ್ಲರು. ಎರಡು, ‘ಟೂಲ್ಸ್’ ಮೆನುವಿನ ‘ಓಪನ್‌ಪಿಜಿಪಿ ಕೀ ಮ್ಯಾನೇಜರ್’ ತೆರೆದು, ಸೀಕ್ರೆಟ್ ಕೀಯ ಬ್ಯಾಕಪ್ ಫೈಲ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ. ನಾನು ಮೊದಲ ಸಲ ಇದನ್ನು ನಾಳೆ ಮಾಡೋಣ ಅಂದುಕೊಂಡೆ. ಅಷ್ಟರಲ್ಲಿ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಆ ಕೀಗೆ ಬೀಗ ಹಾಕಿ ಬಂದಿದ್ದ 11 ಮೇಲ್‌ಗಳು ಇವತ್ತಿಗೂ ನನ್ನ ಇನ್‌ಬಾಕ್ಸ್‌ನಲ್ಲಿವೆ, ಓದಲಾಗುವುದಿಲ್ಲ. ‘ಪಾಸ್‌ವರ್ಡ್ ಮರೆತಿರಾ?’ ಎಂದು ಕೇಳಿ ಮತ್ತೆ ಕೊಡುವವರು ಇಲ್ಲಿ ಯಾರೂ ಇಲ್ಲ.

ಕೀ ಬದಲಾಯಿಸಿಕೊಳ್ಳುವುದು

ಹೊಸ ಮೇಲ್ ಬರೆಯುವ ಕಿಟಕಿಯ ಓಪನ್‌ಪಿಜಿಪಿ ಮೆನುವಿನಲ್ಲಿ ‘ಅಟ್ಯಾಚ್ ಮೈ ಪಬ್ಲಿಕ್ ಕೀ’ ಎಂದಿದೆ. ಅದನ್ನು ಆರಿಸಿ ಕಳಿಸಿ. ಎದುರಿನವರೂ ತಮ್ಮದನ್ನು ಕಳಿಸಲಿ. ಬಂದ ಅಟ್ಯಾಚ್‌ಮೆಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಕೀ ಇಂಪೋರ್ಟ್ ಮಾಡಿಕೊಳ್ಳಿ.

ಬಹಳ ಜನ ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಆ ಕೀ ನಿಜಕ್ಕೂ ಅವರದೇ? ಖಾತೆ ನಂಬರ್ ಬದಲಿಸಿ ಮೇಲ್ ಕಳಿಸಿದವನು ತನ್ನದೇ ಒಂದು ಕೀ ಮಾಡಿ ಕಳಿಸಲಾರನೇ? ಕಳಿಸಬಲ್ಲ, ಅದಕ್ಕೆ ವರ್ತಕರ ಹೆಸರನ್ನೇ ಇಡಲೂ ಬಲ್ಲ. ಅದಕ್ಕೇ ಪ್ರತಿ ಕೀಗೂ ಒಂದು ಫಿಂಗರ್‌ಪ್ರಿಂಟ್ ಇರುತ್ತದೆ: 40 ಅಕ್ಷರ, 0ಯಿಂದ 9, ಎಯಿಂದ ಎಫ್. ಇದನ್ನು ಮೇಲ್‌ನಲ್ಲಲ್ಲ, ಬಾಯಲ್ಲಿ ಓದಿ ತಾಳೆ ನೋಡಬೇಕು. ಫೋನ್ ಮಾಡುವುದಾದರೆ ನಿಮ್ಮ ಡೈರಿಯಲ್ಲಿ ಮೊದಲಿನಿಂದ ಇರುವ ನಂಬರ್‌ಗೆ ಮಾಡಿ, ಆ ಮೇಲ್‌ನ ಕೆಳಗಿರುವ ನಂಬರ್‌ಗಲ್ಲ.

ತಿಪಟೂರಿನ ವರ್ತಕರ ಜತೆ ನಾವು ಮಾಡಿದ್ದು ಹೀಗೆ.

‘ಅಣ್ಣಾ, ಪೆನ್ನು ತಗೊಳ್ಳಿ. ನಲವತ್ತು ಅಕ್ಷರ ಇದೆ.’

‘ನಲವತ್ತಾ? ಟ್ರ್ಯಾಕ್ಟರ್ ಚಾಸಿ ನಂಬರೂ ಇಷ್ಟುದ್ದ ಇರಲ್ವಲ್ಲಮ್ಮಾ!’

ಫೋನ್‌ನಲ್ಲಿ ಬಿ, ಡಿ, ಇ ಮೂರೂ ಒಂದೇ ಥರ ಕೇಳುತ್ತವೆ. ಅದಕ್ಕೇ ಎ ಅಂದರೆ ಅರಸೀಕೆರೆ, ಬಿ ಅಂದರೆ ಬೆಂಗಳೂರು, ಸಿ ಅಂದರೆ ಚಿತ್ರದುರ್ಗ, ಡಿ ಅಂದರೆ ದಾವಣಗೆರೆ ಎಂದು ಶುರು ಮಾಡಿದೆವು. ಇಗೆ ಊರು ಹೊಳೆಯದೆ ಎಲಿಫೆಂಟ್ ಆಯಿತು, ಎಫ್ ಫ್ಯಾನ್ ಆಯಿತು. ನಾಲ್ಕು ನಾಲ್ಕಾಗಿ ಹತ್ತು ಗುಂಪು ಓದಿ ಮುಗಿಸಲು ಮೂರು ನಿಮಿಷ ಹಿಡಿಯಿತು. ಏಳನೇ ಗುಂಪಿನಲ್ಲಿ ಅವರು ಸಾಲು ತಪ್ಪಿದ್ದಕ್ಕೆ ಮತ್ತೆ ಮೊದಲಿಂದ.

ಎದುರಿನವರೂ ಹೀಗೇ ತಮ್ಮ ಫಿಂಗರ್‌ಪ್ರಿಂಟ್ ಓದಿ, ಅದು ತಾಳೆಯಾದ ಮೇಲೆ ಕೀ ಮ್ಯಾನೇಜರ್‌ನಲ್ಲಿ ಅವರ ಕೀ ತೆರೆಯಿರಿ. ಒಪ್ಪಿಗೆಗೆ ನಾಲ್ಕು ಆಯ್ಕೆಗಳಿವೆ: ‘ಬೇಡ’, ‘ಸದ್ಯಕ್ಕಿಲ್ಲ’, ‘ಒಪ್ಪಿದೆ, ಆದರೆ ಪರೀಕ್ಷಿಸಿಲ್ಲ’, ‘ಒಪ್ಪಿದೆ, ಖುದ್ದು ಪರೀಕ್ಷಿಸಿದ್ದೇನೆ’. ಈಗ ಕೊನೆಯದನ್ನು ಆರಿಸುವ ಹಕ್ಕು ನಿಮಗಿದೆ.

ಕಳಿಸುವುದು, ತೆರೆಯುವುದು

ಇನ್ನು ಸುಲಭ. ಮೇಲ್ ಬರೆಯುವಾಗ ‘ಎನ್‌ಕ್ರಿಪ್ಟ್’ ಒತ್ತಿದರೆ ಬೀಗ. ಓಪನ್‌ಪಿಜಿಪಿ ಮೆನುವಿನಲ್ಲಿ ಡಿಜಿಟಲ್ ಸಹಿಯ ಟಿಕ್ ಬಿದ್ದಿದೆಯೇ ಕಣ್ಣಾಡಿಸಿ. ಗುಟ್ಟೇನೂ ಇಲ್ಲದ ಮೇಲ್‌ಗೆ ಸಹಿ ಮಾತ್ರ ಹಾಕಿದರೂ ಸರಿ, ಅದನ್ನು ಯಾರು ಬೇಕಾದರೂ ಓದಬಹುದು. ಬೀಗ ಹಾಕಿದ ಮೇಲ್ ಹೋಗಬೇಕಾದರೆ ‘ಸಿಸಿ’ಯಲ್ಲಿರುವವರೂ ಸೇರಿ ಎಲ್ಲರ ಪಬ್ಲಿಕ್ ಕೀ ನಿಮ್ಮಲ್ಲಿರಬೇಕು.

ಬಂದ ಮೇಲ್ ತೆರೆಯಲು ಪ್ರತ್ಯೇಕವಾಗಿ ಏನೂ ಮಾಡಬೇಕಿಲ್ಲ, ಕೀ ಇದ್ದರೆ ತಾನೇ ಬಿಚ್ಚಿಕೊಳ್ಳುತ್ತದೆ. ಮೇಲ್‌ನ ತಲೆಯ ಬಳಿಯ ‘ಓಪನ್‌ಪಿಜಿಪಿ’ ಗುರುತು ಒತ್ತಿ ಸಹಿ ಸರಿಯಿದೆಯೇ ನೋಡಿ. ಸಹಿ ತಪ್ಪೆಂದು ಬಂದ ತಕ್ಷಣ ಕಳ್ಳ ಎನ್ನಬೇಡಿ. ಮೇಲ್‌ನ ಕೆಳಗೆ ‘ವೈರಸ್ ಇಲ್ಲ’ ಎಂದು ಸಾಲು ಅಂಟಿಸುವ ಆಂಟಿವೈರಸ್‌ನಿಂದಲೂ ಸಹಿ ಕೆಡುತ್ತದೆ. ದುಡ್ಡಿನ ವಿಷಯವಾದರೆ ಮಾತ್ರ ಫೋನ್ ಮಾಡದೆ ಮುಂದುವರಿಯಬೇಡಿ.

ಯಾರು, ಯಾರಿಗೆ, ಯಾವಾಗ ಕಳಿಸಿದರು ಎಂಬುದನ್ನು ಬೀಗ ಮುಚ್ಚುವುದಿಲ್ಲ. ಥಂಡರ್‌ಬರ್ಡ್ ವಿಷಯದ ಸಾಲನ್ನು ಮುಚ್ಚುತ್ತದೆ, ಹೊರಗೆ ಮೂರು ಚುಕ್ಕೆ ಕಾಣುತ್ತವೆ. ಅದೇ ಮೇಲನ್ನು ಫೋನ್‌ನ ಜಿಮೇಲ್ ಆ್ಯಪ್‌ನಲ್ಲಿ ತೆರೆದರೆ ಖಾಲಿ ಮೇಲ್, ಜತೆಗೊಂದು ಅರ್ಥವಾಗದ ಅಟ್ಯಾಚ್‌ಮೆಂಟ್. ‘ಮೇಲ್ ಕೆಟ್ಟು ಬಂದಿದೆ’ ಎಂದು ನಮ್ಮ ವರ್ತಕರು ಮೊದಲ ದಿನ ಎರಡು ಸಲ ಫೋನ್ ಮಾಡಿದ್ದು ಇದಕ್ಕೇ.

ವಿಂಡೋಸ್‌ನಲ್ಲಿ ಔಟ್‌ಲುಕ್ ಬಿಡಲಾಗದವರಿಗೆ, ಫೈಲ್‌ಗೆ ಮಾತ್ರ ಬೀಗ ಬೇಕಾದವರಿಗೆ ಜಿಪಿಜಿ4ವಿನ್ ಎಂಬ ತಂತ್ರಾಂಶ ಇದೆ. ಅದರ ಜತೆ ಬರುವ ಕ್ಲಿಯೋಪಾತ್ರಾದಲ್ಲಿ ಕೀ ಮಾಡಿಕೊಂಡು ಸ್ಟೇಟ್‌ಮೆಂಟ್ ಫೈಲನ್ನು ಮೊದಲೇ ಎನ್‌ಕ್ರಿಪ್ಟ್ ಮಾಡಿ ಅಟ್ಯಾಚ್ ಮಾಡಬಹುದು.

ನಮ್ಮ ಕಕ್ಷಿದಾರರು ತಪ್ಪದೆ ಕೇಳುವ ಪ್ರಶ್ನೆ: ಜಿಎಸ್‌ಟಿ ರಿಟರ್ನ್‌ಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಟೋಕನ್ ಇದೇನಾ? ಅಲ್ಲ. ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪರವಾನಗಿ ಪಡೆದ ಸಂಸ್ಥೆ ಕೊಡುವ ಪ್ರಮಾಣಪತ್ರ. ಇದು ನೀವೇ ಮಾಡಿಕೊಂಡದ್ದು, ರಿಟರ್ನ್‌ಗೆ ನಡೆಯುವುದಿಲ್ಲ.

ಅವಧಿಯ ವಿಷಯ ಬಾಕಿ ಇದೆ. 3 ವರ್ಷ ತುಂಬುವ ಮೊದಲೇ ಕೀ ಮ್ಯಾನೇಜರ್‌ನಲ್ಲಿ ದಿನಾಂಕ ಮುಂದಕ್ಕೆ ಹಾಕಿ, ಪಬ್ಲಿಕ್ ಕೀಯನ್ನು ಎಲ್ಲರಿಗೂ ಇನ್ನೊಮ್ಮೆ ಕಳಿಸಬೇಕು. ಫಿಂಗರ್‌ಪ್ರಿಂಟ್ ಬದಲಾಗುವುದಿಲ್ಲ, ಹಾಗಾಗಿ ಎಲಿಫೆಂಟ್, ಫ್ಯಾನ್ ಎಂದು ಮತ್ತೆ ಓದಬೇಕಿಲ್ಲ. ತಿಪಟೂರಿನ ಅಣ್ಣ ಆ 40 ಅಕ್ಷರ ಬರೆದುಕೊಂಡ ಚೀಟಿಯನ್ನು ಮಂಡಿಯ ಕ್ಯಾಲೆಂಡರ್ ಹಿಂದೆ ಅಂಟಿಸಿದ್ದಾರೆ.